ಮೂರು ತೊಟ್ಟಿಗಳ ಮೇವು

ನಾಲ್ಕನೆಯ ತೊಟ್ಟಿಯ ಮೊದಲ ಮೀನಿನ ಹೊಟ್ಟೆ ಸೀಳಿ, ಕರುಳನ್ನು ಗಾಜಿನ ಮೇಲೆ ಹರಡುತ್ತಿದ್ದ ಶಾಮಲಾಳ ಚಿಮುಟ ಅಲ್ಲೇ ನಿಂತಿತು. ಕರುಳಿನ ತುಂಬ ಕಂದು ಹಿಟ್ಟು. ಇನ್ನೊಂದು ಮೀನು ಸೀಳಿದಳು. ಅದರಲ್ಲೂ ಇತ್ತು. ಐದನೆಯ, ಆರನೆಯ ತೊಟ್ಟಿಯಿಂದಲೂ ಒಂದೊಂದು ತೆಗೆದು ನೋಡಿದಳು. ಅವೂ ಉಂಡಿದ್ದವು.

ನಿನ್ನೆ ಮುಂಜಾನೆಯಿಂದ ಯಾವ ತೊಟ್ಟಿಗೂ ಮೇವು ಹಾಕುವಂತಿರಲಿಲ್ಲ. ಬೆಳಿಗ್ಗೆ ಸೀಳಿದ ಮೊದಲ ಮೂರು ತೊಟ್ಟಿಗಳ ಮೀನುಗಳ ಕರುಳು ಬರಿದಾಗಿಯೇ ಇತ್ತು. ಆ ರೋಹು ಮರಿಗಳಿಗೆ ಅರವತ್ತು ದಿನ ಒಣಮೀನಿನ ಪುಡಿ ಬೆರೆಸಿದ ಮೇವು. ಈ ಮೂರು ತೊಟ್ಟಿಗಳಿಗೆ ಸೋಯಾ ಹಿಂಡಿ. ಪ್ರೋಟೀನು ಜೀರ್ಣವಾಗಿ ಅಮೈನೋ ಆಮ್ಲಗಳಾದ ಮೇಲೆ ಅವನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲುಗಳು ಕರುಳಿನ ಗೋಡೆಯಲ್ಲಿರುತ್ತವೆ. ಮೇವು ಬದಲಾದರೆ ಆ ಬಾಗಿಲುಗಳನ್ನು ಕಟ್ಟಿಸುವ ಜೀನ್‌ಗಳು ಚುರುಕಾಗುತ್ತವೆಯೇ ಎಂಬುದು ಅವಳ ಪಿಎಚ್‌ಡಿಯ ಪ್ರಶ್ನೆ. ಆದರೆ ಬರೀ ಒಂದು ಹೊತ್ತಿನ ಊಟಕ್ಕೂ ಅವು ಚುರುಕಾಗಿಬಿಡಬಹುದು. ಅದಕ್ಕೇ ಆರೂ ತೊಟ್ಟಿಗಳಿಗೆ ಉಪವಾಸ.

ಆಚೆ ಕಾಶವ್ವ ಖಾಲಿ ತೊಟ್ಟಿಯೊಳಗೆ ಕೂತು ಪಾಚಿ ಉಜ್ಜುತ್ತಿದ್ದಳು. ಜಮಖಂಡಿ ಕಡೆಯವಳು, ಪುಣೆಯ ಖಡಕಿಗೆ ಬಂದು ಮೂವತ್ತು ವರ್ಷ. ಈ ಲ್ಯಾಬಿನಲ್ಲಿ ಗುತ್ತಿಗೆಯ ಕೆಲಸ.

“ಕಾಶವ್ವಾ, ಈ ಕಡೀ ಮೂರು ತೊಟ್ಟಿಗೆ ಏನರ ಹಾಕೀ ಏನ?”

“ಮುಂಜಾನೆ ಒಂದೊಂದ ಹಿಡಿ ಹಾಕೀನ್ರಿ ಅಕ್ಕಾರ.”

“ಹಾಕಬ್ಯಾಡ ಅಂದಿದ್ನೆಲ್ಲ?”

“ಅಂದಿದ್ರಿ. ಆದ್ರ ಇವತ್ತ ಸಾಯೂ ಜೀವ ಅವು. ಹಸದ ಹೊಟ್ಟೀಲೆ ಹ್ಯಾಂಗ ಕಳಸೂದ್ರಿ? ಕಡಿಯೂ ಕುರಿಗೂ ಮೊದಲ ಸೊಪ್ಪು ಕೊಡ್ತಾರ.”

“ಮತ್ತ ಆ ಮೂರು ತೊಟ್ಟಿ ಏನ ಪಾಪ ಮಾಡಿದ್ವು?”

“ಅವು ದಿನಾ ಮೀನ ತಿಂದು ಸಾವ್ಕಾರ್ರ ಗತೆ ಕೊಬ್ಬ್ಯಾವ. ಇವಕ್ಕ ಬರೇ ಹಿಂಡಿ. ನಮ್ಮ ಮಂದಿ ಇವು.” ಕಾಶವ್ವ ನಕ್ಕಳು. ಆಮೇಲೆ ಶಾಮಲಾಳ ಮುಖ ನೋಡಿ, “ಯಾಕ್ರಿ, ತಪ್ಪಾತೇನ್ರಿ?” ಎಂದಳು.

“ಏನಿಲ್ಲ. ನೀ ತಿಕ್ಕು.”

ಶಾಮಲಾ ಮೇಜಿಗೆ ಮರಳಿದಳು. ಸೋಯಾ ಮೀನುಗಳಲ್ಲೇ ಜೀನ್‌ಗಳ ಕೆಲಸ ಹೆಚ್ಚಿರುತ್ತದೆಂದು ಅವಳ ಗೈಡ್ ಬಿಂದುಮಾಧವ ಸರ್ ಮೊದಲಿನಿಂದಲೂ ಹೇಳುತ್ತಿದ್ದರು. ಈಗ ಉಂಡಿರುವುದೂ ಅವೇ. ಕರುಳು ತೊಳೆದು ಕೊಳವೆಗೆ ಹಾಕಿದರೆ ಅಂಕಿಗಳು ಸರ್ ಬಯಸಿದಂತೆಯೇ ಚೆಂದವಾಗಿ ಬರಬಹುದು. ಯಾರಿಗೂ ತಿಳಿಯುವುದಿಲ್ಲ. ಅವಳು ಪಾಠ ಹೇಳುವ ಕಾಲೇಜು ಕೊಟ್ಟ ಮೂರು ವರ್ಷದ ರಜೆ ಜೂನ್‌ಗೆ ಮುಗಿಯುತ್ತಿತ್ತು. ಮತ್ತೆ ಮೊದಲಿನಿಂದ ಪ್ರಯೋಗ ಮಾಡಿದರೆ ಅಷ್ಟರೊಳಗೆ ಪ್ರಬಂಧ ಆಗುವುದಿಲ್ಲ. ನಲವತ್ತಮೂರಕ್ಕೆ ಓದಲು ಹೊರಟವಳು ಬರಿಗೈಯಲ್ಲಿ ಬಂದಳು ಎಂದು ಸ್ಟಾಫ್ ರೂಮಿನಲ್ಲಿ ಯಾರೂ ಬಾಯಿಬಿಟ್ಟು ಅನ್ನಲಿಕ್ಕಿಲ್ಲ. ಕನಿಕರದಿಂದ ಚಹಾ ತಂದುಕೊಡುತ್ತಾರೆ, ಅಷ್ಟೇ.

ಆ ಅಂಕಿಗಳನ್ನು ಬರೆಯಲಾರೆ ಎಂಬುದು ಅವಳಿಗೆ ಬೇಗನೆ ತಿಳಿಯಿತು. ಕಷ್ಟ ಅದಲ್ಲ. ನಿಜ ಹೇಳಿದರೆ ಕಾಶವ್ವ ಸಂಜೆಯೊಳಗೆ ಗೇಟಿನಾಚೆ. ಹೋದ ವರ್ಷ ಗಾಳಿ ಪಂಪು ಹಚ್ಚಲು ಮರೆತ ಗುತ್ತಿಗೆಯ ಆಳು ಧರ್ಮಣ್ಣನನ್ನು ಹಾಗೆಯೇ ಕೆಲಸದಿಂದ ಬಿಡಿಸಿದ್ದರು.

ಮಧ್ಯಾಹ್ನ ಒಂದು ಗಂಟೆಗೆ ಕಾಶವ್ವ ಕೈತೊಳೆದು ಬಂದು ಬುತ್ತಿ ಬಿಚ್ಚಿದಳು. ಖಟಕ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ. “ಬರ್ರಿ ಅಕ್ಕಾರ, ಮುಂಜಾನಿಂದ ನೀವರ ಏನ್ ತಿಂದೀರಿ?”

ತಾಯಿ ತೀರಿದ ಮೇಲೆ ಇಡೀ ಪುಣೆಯಲ್ಲಿ ಈ ಮಾತು ಕೇಳುವವಳು ಇವಳೊಬ್ಬಳೇ. ಹಾಲಿನವನೊಡನೆ, ಕಿರಾಣಿ ಅಂಗಡಿಯಲ್ಲಿ ಮರಾಠಿ. ಮನೆಯಲ್ಲಿ ಮಾತೇ ಇಲ್ಲ. ಭಾನುವಾರ ಸಂಜೆ ಕೆಲವೊಮ್ಮೆ, ಇಡೀ ದಿನ ತಾನು ಒಂದು ಶಬ್ದವನ್ನೂ ಆಡಿಲ್ಲವೆಂದು ಹೊಳೆಯುತ್ತಿತ್ತು.

ರೊಟ್ಟಿ ಮುರಿಯುತ್ತ ಶಾಮಲಾ ಯೋಚಿಸಿದಳು. ಇವಳ ಹೆಸರು ಹೇಳಬಾರದು ಅನ್ನಿಸುವುದು ಕರುಣೆಯೋ, ಇವಳೂ ಹೋದರೆ ತನಗೆ ಯಾರೂ ಇಲ್ಲವೆಂಬ ಭಯವೋ? ಎರಡನ್ನೂ ಬಿಡಿಸಿ ನೋಡಲು ಆಗಲಿಲ್ಲ.

“ಹೊಸಾ ಮರಿ ಯಾವಾಗ ತರ್ತಾರ್ರಿ?” ಕಾಶವ್ವ ಕೇಳಿದಳು.

“ಲಗೂನ ತರ್ತಾರ.”

ನಾಳೆ ಸರ್ ಮುಂಬೈಯಿಂದ ಬರುತ್ತಾರೆ. ಮರೆತು ಮೇವು ಹಾಕಿದ್ದು ತಾನೇ ಎಂದು ಹೇಳುವುದು. ಜೂನ್‌ಗೆ ಕಾಲೇಜಿಗೆ ಮರಳಿ, ರಜಾದಿನಗಳಲ್ಲಿ ಬಂದು ಅರವತ್ತು ದಿನಗಳನ್ನು ಮತ್ತೆ ಎಣಿಸುವುದು. ಕಾಶವ್ವ ಇನ್ನೊಂದು ರೊಟ್ಟಿ ಮುಂದೆ ಹಿಡಿದಳು. ಶಾಮಲಾ ಅದನ್ನು ತೆಗೆದುಕೊಂಡಳು.