ಪಡುವಣಕ್ಕೆ ಹಚ್ಚಿದ ಗಾಜು

ಅಥಣಿಯ ಪೇಟೆಯಲ್ಲಿ ಮಹಾವೀರನ ಜವಳಿ ಅಂಗಡಿ ಪಡುವಣಕ್ಕೆ ಮುಖ ಮಾಡಿತ್ತು. ಹಳೆಯದನ್ನು ಕೆಡವಿ ಎರಡು ಅಂತಸ್ತಿನ ಕಾಂಪ್ಲೆಕ್ಸ್ ಕಟ್ಟಿಸುವುದೆಂದು ತೊಂಬತ್ಮೂರರ ದೀಪಾವಳಿಗೆ ನಿಶ್ಚಯವಾದಾಗ, ಅವನ ತಮ್ಮನ ಹೆಂಡತಿ ಜಿನಮತಿಗೂ ಒಂದು ಮಾತು ಸಿಕ್ಕಿತು. ಮೇಲಿನ ಅಂತಸ್ತು ಸೀರೆಗಳದು, ಅಲ್ಲಿ ಗಾದಿಯ ಮೇಲೆ ಕೂಡುವವಳು ಅವಳು. ಹದಿನೇಳು ವರ್ಷ ಅವಳು ಅಂಗಡಿಯ ಹಿಂದಿನ ಮನೆಯಲ್ಲಿ ಕೂತು ಗಿರಾಕಿಗಳ ಸೀರೆಗೆ ಫಾಲ್ ಹಚ್ಚಿದ್ದಳು. ಗಂಡ ಶಾಂತಿನಾಥ ಇಚಲಕರಂಜಿಯಿಂದ ತಂದ ಗಂಟುಗಳನ್ನು ಬಿಚ್ಚಿ ಬಣ್ಣ ವಿಂಗಡಿಸುವವಳೂ ಅವಳೇ. ಆದರೂ ಅಂಗಡಿಗೆ ಅವಳು ಬಂದರೆ ಹಿಂಬಾಗಿಲ ಹೊಸ್ತಿಲವರೆಗೆ ಮಾತ್ರ. ಆ ಗಾದಿ ಅವಳಿಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಕೈತಪ್ಪೀತೆಂದು ಹೆದರಿ ಗಂಡನ ಮುಂದೆಯೂ ಅದರ ಮಾತೆತ್ತುತ್ತಿರಲಿಲ್ಲ.

ಅಷ್ಟರಲ್ಲಿ ಮಹಾವೀರ ಪುಣೆಗೆ ಹೋಗಿ ಬಂದ. ಅಲ್ಲಿ ಯಾವುದೋ ಕಟ್ಟಡದ ಮುಂಭಾಗ ನೆಲದಿಂದ ಮಾಳಿಗೆಯವರೆಗೆ ಪರದೆ ಇಳಿಬಿಟ್ಟ ಹಾಗೆ ಬರೀ ಗಾಜಂತೆ. ತನಗೂ ಅದೇ ಬೇಕೆಂದ. ಮಿರಜದಿಂದ ಗುತ್ತಿಗೆದಾರನೊಬ್ಬ ಗಾಜಿನ ತುಂಡುಗಳನ್ನು ತಂದು ಕಟ್ಟೆಯ ಮೇಲೆ ಸಾಲಾಗಿ ಇಟ್ಟ. ಆತ ಮುಚ್ಚುಮರೆ ಮಾಡಲಿಲ್ಲ. ಬಿಳಿ ಗಾಜು ಅಗ್ಗ, ಆದರೆ ಬಿಸಿಲೆಲ್ಲ ಒಳಗೆ. ಬಿಸಿಲನ್ನು ಹಿಂದಕ್ಕೆ ತಳ್ಳುವಂಥದ್ದು ಮುಂಬೈಯಿಂದ ಬರಬೇಕು, ಈ ಅಂಗಡಿಗೆ ಎಟುಕುವುದಲ್ಲ. ಕಂದು ಗಾಜು ಕೈಗೆಟುಕುತ್ತದೆ, ಹೊರಗಿನಿಂದ ಶ್ರೀಮಂತವಾಗಿ ಕಾಣುತ್ತದೆ, ಸೆಕೆ ಮಾತ್ರ ತಪ್ಪಿದ್ದಲ್ಲ. ನನ್ನದೇ ಕಟ್ಟಡವಾಗಿದ್ದರೆ ಪಡುವಣಕ್ಕೆ ಇಟ್ಟಂಗಿ ಗೋಡೆ ಎಬ್ಬಿಸಿ, ಗಾಳಿಗೆ ಜಾಳಿಗೆ ಬಿಟ್ಟು, ಬಿಸಿಲಿಗೆ ಅಡ್ಡವಾಗಿ ಮೇಲೊಂದು ಅಗಲ ಸಜ್ಜಾ ಹಾಕಿ, ಬಡಗಣ ಓಣಿಯ ಕಡೆಗಷ್ಟೇ ಗಾಜು ಹಚ್ಚುತ್ತಿದ್ದೆ, ಖರ್ಚೂ ಅರ್ಧ ಎಂದ. ಮಹಾವೀರ ನಕ್ಕು ಕಂದು ಗಾಜಿನ ಮೇಲೆ ಕೈಯಿಟ್ಟ.

ಆ ಮನೆಯಲ್ಲಿ ತಮ್ಮನ ಹೆಂಡತಿ ಭಾವನೊಡನೆ ನೇರ ಮಾತಾಡುವ ರೂಢಿ ಇರಲಿಲ್ಲ. ಹೇಳುವುದನ್ನು ಅತ್ತೆಗೆ ಹೇಳಬೇಕು. ಅಂದು ಜೈನರ ರೂಢಿಯಂತೆ ಹೊತ್ತು ಮುಳುಗುವ ಮುಂಚೆ ಊಟಕ್ಕೆ ಎಲ್ಲರೂ ಕೂತಾಗ ಜಿನಮತಿ ರೊಟ್ಟಿ ಬಡಿಸುತ್ತ ಅಂದಳು:

“ಅತ್ತೀ, ಅವರಿಗೆ ಹೇಳ್ರಿ. ಚೈತ್ರದಾಗ ಮಧ್ಯಾಹ್ನ ಆ ಗಾಜಿನ ಹಿಂದ ಒಂದ್ ತಾಸು ಕುಂತು ನೋಡ್ರಿ ಅಂತ.”

“ಅವ್ವಾ, ಆಕಿಗೆ ಹೇಳು,” ಮಹಾವೀರ ತಟ್ಟೆಯಿಂದ ತಲೆ ಎತ್ತಲಿಲ್ಲ. “ಗಿರಾಕಿ ಬರೋದು ಗಾಜ್ ನೋಡಿ, ಆಕಿ ಮಾರಿ ನೋಡಿ ಅಲ್ಲ.”

ಅತ್ತೆ ಮಜ್ಜಿಗೆ ಕುಡಿದರು.

ಮರುದಿನ ಜಿನಮತಿ ಕಂದು ಗಾಜಿನ ತುಂಡನ್ನು ಕಿಟಕಿಗೆ ಆನಿಸಿ, ಅದರ ಹಿಂದೆ ಎರಡು ಬಟ್ಟೆ ಇಟ್ಟಳು. ಒಂದು ಕಡುಹಸಿರು, ಒಂದು ಕಡುನೀಲಿ. ಹಸಿರು ಯಾವುದೆಂದು ಮಹಾವೀರನ ಹೆಂಡತಿ ತಾರಾಬಾಯಿಯನ್ನು ಕೇಳಿದಳು. ತಾರಾಬಾಯಿ ನೀಲಿಯನ್ನು ಮುಟ್ಟಿದಳು. ಬಾಗಿಲಲ್ಲಿ ನಿಂತಿದ್ದ ಮಹಾವೀರ, ಟ್ಯೂಬ್‌ಲೈಟ್ ಎನ್ನುವುದೊಂದು ಲೋಕದಲ್ಲಿದೆ ಎಂದು ಗೋಡೆಗೆ ಹೇಳಿದ. ಕರೆಂಟು ಹೋದರೆ ಏನು ಮಾಡುವುದೆಂದು ಜಿನಮತಿ ಅತ್ತೆಯನ್ನು ಕೇಳಿದಳು.

“ಕರೆಂಟ್ ಹೋದ್ರ ಆಕಿ ಕಣ್ಣ ಹಚ್ಚಲಿ. ಭಾಳ ಬೆಳಕ ಅದಾವಲ್ಲ,” ಎಂದ ಮಹಾವೀರ. ತಾರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಶಾಂತಿನಾಥ ಪತ್ರಿಕೆ ಓದುತ್ತಿದ್ದ.

ತೊಂಬತ್ತೈದರ ಅಕ್ಷಯ ತೃತೀಯಕ್ಕೆ ಅಂಗಡಿ ತೆರೆಯಿತು. ಊರು ನಿಂತು ನೋಡಿತು. ಮೇಲಿನ ಗಾದಿಯಲ್ಲಿ ಕೂತ ಜಿನಮತಿಗೆ ಮೊದಲ ದಿನ ಸೆಕೆ ತಿಳಿಯಲಿಲ್ಲ. ಎರಡನೆಯ ದಿನ ಮೂರು ಗಂಟೆಗೆ ಗಾಜಿನ ಚೌಕಟ್ಟು ಮುಟ್ಟಿದರೆ ಬೆರಳು ಸುಡುತ್ತಿತ್ತು. ಹೆಂಗಸರು ಡಬ್ಬಿಯ ಮುಚ್ಚಳದಿಂದ ಗಾಳಿ ಹಾಕಿಕೊಂಡು ಎರಡು ಸೀರೆ ನೋಡಿ ಎದ್ದುಬಿಡುತ್ತಿದ್ದರು. ಬಣ್ಣ ಕೇಳಿದವರನ್ನು ಅವಳು ಮೆಟ್ಟಿಲಿಳಿಸಿ ರಸ್ತೆಗೆ ಕರೆದೊಯ್ದು, ಬಿಸಿಲಲ್ಲಿ ಸೆರಗು ಹರವಿ ತೋರಿಸಿ ಮೇಲೆ ಕರೆತರುತ್ತಿದ್ದಳು. ಹೀಗೆ ಇಳಿದವರಲ್ಲಿ ಇಬ್ಬರು ಒಂದು ಬೆಳಿಗ್ಗೆ ಎದುರಿನ ಅಂಗಡಿ ಹೊಕ್ಕರು. ಮಹಾವೀರ ಮೇಲೆ ಬಂದ. ಆರು ಜನ ಗಿರಾಕಿಗಳ ಮುಂದೆ, ನಡುವೆ ಅತ್ತೆ ಇಲ್ಲದೆಯೇ, ಅವಳನ್ನು ಕೇಳಿದ:

“ಸೀರಿ ಮಾರಾಕ ಕುಂತೀಯೋ, ಎದುರಿನವಗ ಗಿರಾಕಿ ದಾಟಸಾಕ ಕುಂತೀಯೋ? ಇನ್ನ ಒಂದ್ ಸೀರಿ ಕೆಳಗ ಇಳೀತಂದ್ರ, ಅದರ ಹಿಂದ ನೀನೂ ಇಳಿ.”

ಯಾರೋ ಕಿಸಕ್ಕೆಂದರು.

ಅದೇ ಮಧ್ಯಾಹ್ನ ಕರೆಂಟು ಹೋಗಿತ್ತು. ತೆಲಸಂಗದ ರುಕ್ಮವ್ವ ಮೆಟ್ಟಿಲು ಹತ್ತಿ ಬಂದಳು. ಹಿಂಬಾಗಿಲಿಗೆ ಫಾಲ್ ಹಚ್ಚಿಸಲು ವರ್ಷಗಟ್ಟಲೆ ಬಂದವಳು. ಬಣ್ಣಕ್ಕೆ ಜಿನಮತಿಯ ಮಾತೇ ಅವಳಿಗೆ ಕಡೆಯ ಮಾತು. ಮರುದಿನ ಅವಳ ಹಿರಿಮಗಳ ಕುಬಸ. ಬಸುರಿಗೆ ಉಡಿಸಲು ಹಸಿರು ಸೀರೆಯೇ ಆಗಬೇಕು. ರುಕ್ಮವ್ವ ಬೆವರೊರೆಸಿಕೊಳ್ಳುತ್ತ, ರಾಶಿಯೊಳಗಿಂದ ತಾನೇ ಒಂದನ್ನು ಎಳೆದಳು.

“ಇದು ಹಸರ ಹೌದಿಲ್ಲಬೇ, ಜಿನಮತಿ?”

ಅದು ಕಡುನೀಲಿ. ಆ ಗಂಟನ್ನು ತಾನೇ ಬಿಚ್ಚಿದ್ದಳು. ಅಲ್ಲ ಎಂದರೆ ಸಾಕಿತ್ತು, ಇಳಿಯುವುದೂ ಬೇಕಿರಲಿಲ್ಲ. ಕೆಳಗೆ ಮಹಾವೀರ ಯಾರಿಗೋ ಗಾಜಿನ ಹೊಗಳಿಕೆ ಮಾಡುತ್ತಿದ್ದ. ಜಿನಮತಿ ಮಡಿಕೆ ಸರಿಮಾಡುತ್ತ ತಲೆಯಾಡಿಸಿದಳು. ಹೋಗಲಿ, ಇದು ತಿರುಗಿ ಬರಲಿ, ಎಲ್ಲರ ಮುಂದೆ ಅವನ ಮೈಮೇಲೆ ಬಂದು ಬೀಳಲಿ ಅನ್ನಿಸಿತು. ಬಸುರಿಯ ನೆನಪು ಬರಲಿಲ್ಲ ಎಂದು ಅವಳು ಆಮೇಲೆ ಎಷ್ಟೋ ದಿನ ತನಗೇ ಹೇಳಿಕೊಂಡಳು. ನಿಜವೆಂದರೆ ಬಂದಿತ್ತು. ಅದನ್ನು ಪಕ್ಕಕ್ಕೆ ಸರಿಸಿ ಸೀರೆಯ ಪೊಟ್ಟಣಕ್ಕೆ ದಾರ ಕಟ್ಟಿದ್ದಳು.

ಮೂರನೆಯ ದಿನ ರುಕ್ಮವ್ವ ಬಂದು ಸೀರೆಯನ್ನು ಕೆಳಗಿನ ಗಾದಿಯ ಮೇಲಿಟ್ಟಳು. ಜಿನಮತಿಯನ್ನು ಕರೆಸಿದರು. ಕಡೆಯ ಬಸ್ಸಿಗೆ ಹೋಗಿ ಕತ್ತಲಲ್ಲಿ ಮನೆ ಸೇರಿದ್ದು, ಪೊಟ್ಟಣ ಬಿಚ್ಚಿದ್ದು ಬೀಗರ ಹೆಂಗಸರ ಮುಂದೆಯೇ ಎಂಬುದು, ತವರಿನವರಿಗೆ ಒಂದು ಹಸಿರು ಸೀರೆ ಸಿಗಲಿಲ್ಲವೇ ಎಂದು ಅವರು ಕೇಳಿದ್ದು, ಮಗಳು ಕಣ್ಣೊರೆಸಿಕೊಂಡು ಹಳೆಯ ಸೀರೆಯಲ್ಲೇ ಕೂತದ್ದು, ಎಲ್ಲವನ್ನೂ ದನಿ ಏರಿಸದೆ ಹೇಳಿದಳು. ಅಂಗಡಿ ತುಂಬ ಜನ. ಮಹಾವೀರ ಸೀರೆಯನ್ನು ಬಾಗಿಲಿಗೆ ಒಯ್ದು ನೋಡಿದ, ಒಳಗೆ ತಂದು ನೋಡಿದ. ಕೊನೆಗೆ ಅಂದ:

“ತಪ್ಪು ನಮ್ಮ ಗಾಜಿಂದು, ಯವ್ವಾ. ಅದರಾಗ ಬಣ್ಣ ತಿಳಿಯಾಂಗಿಲ್ಲ.”

ಈ ಮಾತಿಗಾಗಿ ಜಿನಮತಿ ಒಂದೂವರೆ ವರ್ಷ ಕಾದಿದ್ದಳು. ರುಕ್ಮವ್ವ ಅವನ ಕಡೆ ನೋಡಲೇ ಇಲ್ಲ.

“ಗಾಜಿಗೆ ನಾ ಏನೂ ಕೇಳಿಲ್ರಿ. ಈಕಿನ್ನ ಕೇಳಿದ್ದೆ. ಜಿನಮತಿ, ನಿನಗ ತಿಳಿದಿತ್ತೋ ಇಲ್ಲೋ? ಅಷ್ಟ ಹೇಳು.”

ಇಲ್ಲ ಎನ್ನಬಹುದಿತ್ತು. ಗಾಜಿತ್ತು, ಕರೆಂಟು ಹೋಗಿತ್ತು, ಭಾವನೇ ಒಪ್ಪಿಕೊಂಡಾಗಿತ್ತು.

“ತಿಳಿದಿತ್ತು,” ಎಂದಳು ಜಿನಮತಿ.

ಬದಲಿಗೆ ಕೊಟ್ಟ ಹಸಿರು ಸೀರೆಯನ್ನು ರುಕ್ಮವ್ವ ಮುಟ್ಟಲಿಲ್ಲ. ಎದುರಿನ ಅಂಗಡಿಗೂ ಹೋಗದೆ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಕಣ್ಣಿದ್ದೂ ಸುಳ್ಳಾಡುವವಳು ಗಾದಿಯ ಮೇಲೆ ಬೇಡ ಎಂದು ಮಹಾವೀರ ಅಂದ. ಜಿನಮತಿ ಹಿಂದಿನ ಮನೆಗೆ, ಫಾಲ್ ಹಚ್ಚುವ ಕೆಲಸಕ್ಕೆ ಮರಳಿದಳು.

ಮಳೆಗಾಲ ಕಳೆದ ಮೇಲೆ ಕಂದು ಗಾಜನ್ನು ಇಳಿಸಿದರು. ಗೌಂಡಿ ಲಗಮಣ್ಣ ಪಡುವಣಕ್ಕೆ ಇಟ್ಟಂಗಿ ಗೋಡೆ ಎಬ್ಬಿಸಿ, ಜಾಳಿಗೆ ಬಿಟ್ಟು, ಸಜ್ಜಾ ಹಾಕಿದ. ಓಣಿಯ ಕಡೆ ಬಿಳಿ ಗಾಜು ಬಂತು. ಮುಂದಿನ ವೈಶಾಖದಲ್ಲಿ ಮೇಲಿನ ಅಂತಸ್ತು ತುಂಬಿರುತ್ತಿತ್ತು. ಗಾದಿಯ ಮೇಲೆ ತಾರಾಬಾಯಿ ಕೂಡುತ್ತಿದ್ದಳು. ಮಧ್ಯಾಹ್ನ ಇಳಿದು ಬಂದು, ಅಲ್ಲಿ ಎಷ್ಟು ತಂಪೆಂದರೆ ಜೊಂಪು ಹತ್ತುತ್ತದೆ ಎಂದು ಹೇಳಿ, ಫಾಲ್ ಹಚ್ಚುವ ಸೀರೆಗಳನ್ನು ಜಿನಮತಿಯ ಮುಂದೆ ಸುರಿದು ಹೋಗುತ್ತಿದ್ದಳು.

ಜಿನಮತಿ ಈಗ ಹೊಸ ಗಂಟು ಬಿಚ್ಚಿದಾಗ ಪ್ರತಿ ಸೀರೆಯ ಚೀಟಿಯ ಮೇಲೆ ಪೆನ್ಸಿಲಿನಿಂದ ಬಣ್ಣದ ಹೆಸರು ಬರೆದು ಮೇಲೆ ಕಳಿಸುತ್ತಾಳೆ. ಯಾರೂ ಹೇಳಿದ್ದಲ್ಲ. ತಾರಾಬಾಯಿ ಅದನ್ನು ಓದುತ್ತಾಳೋ ಇಲ್ಲವೋ, ಕೇಳಿಲ್ಲ.