ಎಡಬದಿಯ ಹೊಲಿಗೆ

ಆ ಆಫೀಸಿನಲ್ಲಿ ನಲವತ್ತು ದಾಟಿದ ಗಂಡಸೊಬ್ಬನನ್ನು ಎಲ್ಲರೂ ‘ತಮ್ಮ’ ಎಂದೇ ಕರೆಯುತ್ತಿದ್ದರು. ಅದಕ್ಕೆ ಕಾರಣ ಅವನ ಅಕ್ಕ. ಅವಳು ಅಲ್ಲಿ ಎಲ್ಲರಿಗೂ ಅಕ್ಕ. ಅವಳಿಗಿಂತ ಹದಿನೈದು ವರ್ಷ ದೊಡ್ಡವರಾದ, ಬಾಗಿಲು ಕಾಯುವ ಮುದುಕರಿಗೂ ಅಕ್ಕ. ಅಂಥವಳ ಬೆನ್ನಿಗೇ ಕೆಲಸಕ್ಕೆ ಸೇರಿದವನು ತಮ್ಮನಾಗದೆ ಇನ್ನೇನಾದಾನು? ಏಳು ತಿಂಗಳ ಹಿಂದೆ ಅಕ್ಕ ತೀರಿಕೊಂಡಳು, ಅವನು ಮಾತ್ರ ತಮ್ಮನಾಗಿಯೇ ಉಳಿದ. ಹೊಸಬರು ಯಾರಾದರೂ ‘ಯಾರ ತಮ್ಮ ನೀವು?’ ಎಂದು ನಕ್ಕು ಕೇಳಿದರೆ, ಅವನು ನೀರು ಕುಡಿಯಲು ಎದ್ದು ಹೋಗುತ್ತಿದ್ದ.

ಇಬ್ಬರದೂ ಹಡಗು ಮಾಡುವ ಕೆಲಸ. ನೀರಿನ ಹಡಗಲ್ಲ, ಆಕಾಶದ್ದು. ಅದೂ ನಿಜದ್ದಲ್ಲ, ಕಂಪ್ಯೂಟರ್ ಗೇಮಿನದ್ದು. ಆ ಗೇಮಿನಲ್ಲಿ ಮೂರು ಪಂಗಡ. ಆಳುವವರ ಹಡಗುಗಳು ಕಪ್ಪಗೆ, ಸೂಜಿಯ ಹಾಗೆ ಚೂಪಗೆ. ವ್ಯಾಪಾರಿಗಳವು ಗುಂಡುಗುಂಡಗೆ, ಮೈತುಂಬ ಹೊಳಪು. ಮೂರನೆಯವರು ಮನೆ ಕಳೆದುಕೊಂಡ ಅಲೆಮಾರಿಗಳು. ಇವರ ಹಡಗು ಹೇಗಿರಬೇಕೆಂದು ಇಡೀ ಆಫೀಸು ಮೂರು ವಾರ ತಲೆ ಕೆರೆದುಕೊಂಡಿತು. ತುಕ್ಕು ಬಳಿಯೋಣ ಎಂದರು ಒಬ್ಬರು, ಹೊಗೆ ಬಿಡಿಸೋಣ ಎಂದರು ಇನ್ನೊಬ್ಬರು.

“ಬಡವರು ಅಂದ್ರೆ ಕೊಳಕರೇನ್ರೀ?” ಎಂದು ಅಕ್ಕ ಜೋರು ಮಾಡಿದಳು. “ಹರಿದಿದ್ದನ್ನ ಹೊಲ್ಕೊಂಡು ಮರ್ಯಾದೆಯಾಗಿ ಓಡಾಡೋರು ಇವ್ರು. ನಮ್ಮಮ್ಮನ ಹಾಗೆ.”

ಅಂದಿನಿಂದ ಅಲೆಮಾರಿಗಳ ಹಡಗುಗಳಿಗೆಲ್ಲ ಲೋಹದ ತೇಪೆ. ತೇಪೆಗೆ ಬೆಸುಗೆಯಲ್ಲ, ದಪ್ಪ ತಂತಿಯ ಹೊಲಿಗೆ. ಅಕ್ಕನದೊಂದು ಪರೀಕ್ಷೆ ಇತ್ತು. ಹಡಗನ್ನು ಉಗುರಿನಷ್ಟು ಚಿಕ್ಕದು ಮಾಡಿ, ಪೂರ್ತಿ ಕಪ್ಪು ಬಳಿದು ಮುಂದಿಡುವಳು. ಇದು ಯಾವ ಪಂಗಡದ್ದು ಎಂದು ಕಣ್ಣು ಮಿಟುಕಿಸುವುದರೊಳಗೆ ಹೇಳಲಾಗದಿದ್ದರೆ ಅದು ಕಸದ ಬುಟ್ಟಿಗೆ. ತಮ್ಮನ ಹನ್ನೊಂದು ಹಡಗುಗಳು ಹಾಗೆ ಹೋದವು. ಒಡಹುಟ್ಟಿದವನು ಎಂಬ ದಾಕ್ಷಿಣ್ಯ ಅವಳಿಗೆ ಕೆಲಸದಲ್ಲಿ ಇರಲಿಲ್ಲ.

ಅಮ್ಮ ಬಟ್ಟೆ ಹೊಲಿದು ಇಬ್ಬರನ್ನೂ ಸಾಕಿದವಳು. ಅವಳ ಕತ್ತರಿಸುವ ಮೇಜೇ ಮಕ್ಕಳ ಮೊದಲ ಆಫೀಸು. ಅಳತೆ ತೆಗೆದು ಮಿಕ್ಕ ಖಾಕಿ ಕಾಗದದ ಮೇಲೆ ಇಬ್ಬರೂ ಸೇರಿ ಒಂದೇ ರಾಕೆಟ್ಟು ಬರೆಯುತ್ತಿದ್ದರು. ಅಕ್ಕ ಎಡಗೈಯವಳು. ಮೊಣಕೈಗೆ ಮೊಣಕೈ ತಾಗಿ ಜಗಳವಾಗದಿರಲೆಂದು ಅವಳು ಮೇಜಿನ ಎಡಕ್ಕೆ, ಅವನು ಬಲಕ್ಕೆ. ರಾಕೆಟ್ಟಿನ ಎಡ ಅರ್ಧ ಅವಳದು, ಬಲ ಅರ್ಧ ಅವನದು. ನಡುವೆ ಗೆರೆ ಕೂಡದಿದ್ದರೆ ತಪ್ಪು ಯಾವಾಗಲೂ ಅವನದೇ ಆಗಿರುತ್ತಿತ್ತು. ಅಮ್ಮ ಹೊಲಿಗೆ ಕಲಿಸಲು ಕರೆದಾಗ ಅಕ್ಕ ಹೋಗಿ ಕೂತಳು, ತಮ್ಮ ಕಾಲಿಗೆ ಬುದ್ಧಿ ಹೇಳಿದ.

ಗೇಮಿನ ಹಡಗುಗಳನ್ನು ಸಾಮಾನ್ಯವಾಗಿ ಅರ್ಧ ಮಾತ್ರ ಮಾಡುತ್ತಾರೆ. ಇನ್ನರ್ಧವನ್ನು ಕನ್ನಡಿಯೊಳಗಿನ ಬಿಂಬದ ಹಾಗೆ ಯಂತ್ರವೇ ಮಾಡಿಕೊಳ್ಳುತ್ತದೆ. ಅಮ್ಮ ಬಟ್ಟೆ ಮಡಚಿ ಒಂದೇ ಸಲಕ್ಕೆ ಎರಡೂ ಬದಿ ಕತ್ತರಿಸುತ್ತಿದ್ದಳಲ್ಲ, ಹಾಗೆ. ಆದರೆ ಅಲೆಮಾರಿಗಳ ತಾಯಿಹಡಗು ಒಂದನ್ನು ಮಾತ್ರ ಅಕ್ಕ ಮಡಚಲು ಬಿಡಲಿಲ್ಲ. ಎರಡೂ ಬದಿಗೆ ತೇಪೆಗಳ ಜಾಗ ಒಂದೇ, ಬಣ್ಣ ಒಂದೇ, ಕೈ ಮಾತ್ರ ಬೇರೆ. ತಾವೇ ಕೂತು ಓಡಿಸುವವರ ಹಾಗೆ ಹಡಗಿನ ಬಾಲವನ್ನು ತಮ್ಮಿಬ್ಬರತ್ತ ತಿರುಗಿಸಿಕೊಂಡು, ಎಡಬದಿಗೆ ಅಕ್ಕ, ಬಲಬದಿಗೆ ತಮ್ಮ, ನಾಲ್ಕು ತಿಂಗಳು ಒಂದೊಂದೇ ಹೊಲಿಗೆ ಬರೆದರು. ಅಕ್ಕ ಕೊನೆಯ ತೇಪೆ ಮುಗಿಸಿದ್ದು ಆಸ್ಪತ್ರೆ ಸೇರುವ ಹಿಂದಿನ ದಿನ.

ಗೇಮಿನ ಬಿಡುಗಡೆಗೆ ಮುಂಚೆ ಒಂದು ಚಿತ್ರವೂ ಆಫೀಸಿನಿಂದ ಹೊರಗೆ ಹೋಗುವಂತಿರಲಿಲ್ಲ. ಹಾಗಾಗಿ ಅಮ್ಮ ಆ ಹಡಗನ್ನು ನೋಡಿಯೇ ಇರಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಅಕ್ಕ ಅಮ್ಮನ ಕೈ ಹಿಡಿದು ಹೇಳಿದ್ದಳು: “ಗೇಮ್ ಬಿಡುಗಡೆ ಆದ್ಮೇಲೆ ನೋಡಮ್ಮಾ. ಎಡಗಡೆ ಪೂರ್ತಿ ನಂದು. ನೀನು ಹೇಳ್ಕೊಟ್ಟ ಹೊಲಿಗೇನೇ ಹಾಕಿದೀನಿ.” ಅಕ್ಕ ಹೋದ ಮೇಲೆ ಅಮ್ಮ ದಿನಾ ಸಂಜೆ ಮಗ ಚಪ್ಪಲಿ ಬಿಡುವುದಕ್ಕೂ ಪುರುಸೊತ್ತು ಕೊಡದೆ ಕೇಳುತ್ತಿದ್ದಳು: “ಬಂತೇನೋ ಅಕ್ಕನ ಹಡಗು?” ಮಗಳ ಕೈ ಇನ್ನೊಮ್ಮೆ ಕಣ್ಣಿಗೆ ಬೀಳುವುದಿದ್ದರೆ ಅಲ್ಲೇ ಎಂದು ಅವಳು ಜೀವ ಹಿಡಿದುಕೊಂಡಿದ್ದಳು.

ಅಕ್ಕ ಹೋಗಿ ಐದು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಮುಖ್ಯಸ್ಥರು ತಮ್ಮನ ಮೇಜಿಗೆ ಬಂದರು. ಎಲ್ಲವೂ ನೆಟ್ಟಗಿರಬೇಕೆನ್ನುವ ಅವರಿಗೆ ಆಫೀಸು ಇಟ್ಟ ಹೆಸರು ಸ್ಕೇಲ್ ಸರ್. ಕೆಟ್ಟವರೇನಲ್ಲ, ಆಸ್ಪತ್ರೆಗೆ ಮೂರು ಸಲ ಬಂದು, ಒಳಗೆ ಹೋಗಲಾಗದೆ ಬಾಗಿಲಲ್ಲೇ ಅತ್ತು ವಾಪಸು ಹೋದವರು.

“ತಾಯಿಹಡಗು ತುಂಬಾ ಭಾರ ಆಗಿದೆಯಪ್ಪಾ. ಅದು ಬಂದ ತಕ್ಷಣ ಗೇಮ್ ಕುಂಟುತ್ತೆ. ಎರಡೂ ಕಡೆ ಒಂದೇ ಥರ ಇದೆಯಲ್ಲ, ಒಂದು ಕಡೆ ಇಟ್ಕೊಂಡು ಮಡಚಿಬಿಡು.”

“ಯಾವ ಕಡೆ ಇಟ್ಕೊಳ್ಳಲಿ ಸರ್?”

“ಯಾವುದಾದ್ರೇನು? ನಿನ್ನಿಷ್ಟ.”

ಇದರಲ್ಲಿ ಯೋಚಿಸುವುದೇನಿತ್ತು? ಅಳಿಸುವುದಾದರೆ ತನ್ನದು. ಅಕ್ಕನ ಬದಿ ಉಳಿಯಲಿ, ಎರಡೂ ಕಡೆ ಅವಳೇ ಇರಲಿ. ಅವಳಿಗಾಗಿ ಏನನ್ನೂ ಮಾಡಲಾಗಲಿಲ್ಲ ಎಂದು ಐದು ತಿಂಗಳಿಂದ ಒಳಗೊಳಗೇ ಕೊರಗುತ್ತಿದ್ದವನಿಗೆ, ಕೊನೆಗೂ ಕೊಡಲು ಒಂದು ವಸ್ತು ಸಿಕ್ಕಂತಾಯಿತು. ಫೈಲು ತೆರೆದ. ಹಡಗನ್ನು ಕಣ್ತುಂಬ ನೋಡುವ ಧೈರ್ಯ ಆಗಲಿಲ್ಲ. ನೋಡಿದರೆ ಆಫೀಸಿನ ನಡುವೆ ಅಳು ಬರುತ್ತದೆಂದು ಪಕ್ಕದ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೆಲಸ ಮಾಡಿದ. ಯಾವ ಬದಿ ಉಳಿಸಬೇಕು ಎಂದು ಯಂತ್ರ ಕೇಳಿತು. ಎಡ ಎಂದು ಒತ್ತಿದ. ಆಮೇಲೆ ಕೈಯ ಅಭ್ಯಾಸದಲ್ಲೇ ಬಾಲ ತನ್ನ ಕಡೆ ಬರುವಂತೆ ತಿರುಗಿಸಿ, ಅರೆಗಣ್ಣಲ್ಲಿ ಎಡಬದಿಯನ್ನು ನೋಡಿದ. ಹೊಲಿಗೆಗಳು ಎಡಗೈಯವರು ಹಾಕಿದಂತೆಯೇ ವಾಲಿದ್ದವು. “ಇದೀಯಲ್ಲ ಮಾರಾಯ್ತಿ” ಎಂದು ಉಸಿರು ಬಿಟ್ಟು ಫೈಲು ಮುಚ್ಚಿದ.

ಬಿಡುಗಡೆಗೆ ಮೂರು ವಾರ ಮುಂಚೆ ಹಳೆಯ ಫೈಲುಗಳನ್ನೆಲ್ಲ ಅಳಿಸುವ ಪಟ್ಟಿ ಬಂತು. ಅಲೆಮಾರಿಗಳ ಹಡಗುಗಳಿಗೆ ಈಗ ಅವನೇ ಯಜಮಾನ. ಓದದೆ ಸಹಿ ಹಾಕಿದ.

ಬಿಡುಗಡೆಯಾದ ಮರುದಿನ ಭಾನುವಾರ. ಅಮ್ಮ ಬೆಳಿಗ್ಗೆಯೇ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಕನ್ನಡಕವನ್ನು ಸೆರಗಿನಿಂದ ನಾಲ್ಕು ಸಲ ಒರೆಸಿ ಕೂತಳು. ಕಂಪ್ಯೂಟರು ಇದ್ದದ್ದು ಅದೇ ಕತ್ತರಿಸುವ ಮೇಜಿನ ಮೇಲೆ. ತಮ್ಮ ಗೇಮ್ ತೆರೆದು, ಹಡಗಿನ ಬಾಲದ ಕಡೆಯಿಂದ ಅದರ ಹತ್ತಿರ ಹೋದ. ತಾಯಿಹಡಗು ಪರದೆಯ ತುಂಬ ಬಂದು ನಿಂತಿತು.

“ಅಯ್ಯೋ, ಎಷ್ಟು ದೊಡ್ಡದೋ!” ಎಂದಳು ಅಮ್ಮ. “ಇಷ್ಟನ್ನೂ ಹೊಲಿದಳಾ?” ಮೂಗು ಪರದೆಗೆ ತಾಗುವಷ್ಟು ಬಗ್ಗಿ, ಒಂದೊಂದೇ ತೇಪೆಯ ಮೇಲೆ ಬೆರಳು ಓಡಿಸಿದಳು. ಮೂರನೆಯದಕ್ಕೆ ಬೆರಳು ನಿಂತಿತು. ನಾಲ್ಕನೆಯದು, ಐದನೆಯದು ನೋಡಿದಳು.

“ಚೆನ್ನಾಗಿದೆ. ಈಗ ಅವಳ ಕಡೆ ತೋರ್ಸು.”

“ಇದೇ ಅಮ್ಮ ಅವಳ ಕಡೆ.”

“ಇದು ನಿನ್ನ ಕೈ ಕಣೋ.”

ಅವನಿಗೆ ನಗು ಬಂತು. “ವಾಲಿರೋದು ನೋಡಮ್ಮಾ. ಬಲಗೈಲಿ ಹೀಗೆ ಬರುತ್ತಾ?”

“ವಾಲಿರೋದು ನಂಗೂ ಕಾಣುತ್ತೆ. ತುದಿ ನೋಡು. ಹೊಲಿಗೆ ಮುಗಿಯೋ ಕಡೆ ಅವಳು ಮೂರು ಹೊಲಿಗೆ ಹಿಂದಕ್ಕೆ ಹಾಕ್ತಾಳೆ. ಹಾಕದಿದ್ರೆ ಬಿಚ್ಕೊಳ್ಳುತ್ತೆ ಅಂತ ಅವಳಿಗೆ ಏಳು ವರ್ಷ ಇದ್ದಾಗ ಹೇಳಿದ್ದೆ. ಅವತ್ತಿಂದ ಒಂದು ಸಲಾನೂ ಬಿಟ್ಟವಳಲ್ಲ. ಇಲ್ಲಿ ಎಲ್ಲಾನೂ ಹಾಗೇ ಬಿಟ್ಟಿದೆ. ಹೀಗೆ ಬಿಡೋನು ನೀನು.”

ತಮ್ಮ ದಡಕ್ಕನೆ ಎದ್ದ. ಅಮ್ಮ ಕರೆಯುತ್ತಿದ್ದರೂ ತಿರುಗಿ ನೋಡದೆ ಆಫೀಸಿಗೆ ಓಡಿದ. ರಜೆಯ ದಿನ, ಬಾಗಿಲು ಕಾಯುವ ಮುದುಕರು ಒಬ್ಬರೇ ಇದ್ದರು. “ಅಕ್ಕನ ಹಡಗು ಚೆನ್ನಾಗಿ ಬಂದಿದೆಯಂತಲ್ಲಪ್ಪಾ” ಎಂದರು. ಅವನು ನಿಲ್ಲದೆ ಒಳಗೆ ಹೋದ.

ಫೈಲು ತೆರೆದ ತಕ್ಷಣ ಎಲ್ಲ ಗೊತ್ತಾಯಿತು. ಹಡಗು ಅವನತ್ತ ಮುಖ ಮಾಡಿ ನಿಂತಿತ್ತು. ಅಕ್ಕ ಹೋದ ಮೇಲೆ ಸ್ಕೇಲ್ ಸರ್ ಎಲ್ಲ ಹಡಗುಗಳ ಮೂತಿಯೂ ನೋಡುವವರ ಕಡೆಗೇ ಇರಬೇಕೆಂದು ನಿಯಮ ಮಾಡಿದ್ದರು. ಎದುರಿಗೆ ನಿಂತವರ ಬಲಗೈ ನಮ್ಮ ಎಡಕ್ಕಿರುತ್ತದೆ. ಯಂತ್ರ ಎಡ ಎಂದು ಉಳಿಸಿಕೊಂಡದ್ದು ಪರದೆಯ ಎಡವನ್ನು. ಅದು ಹಡಗಿನ ಬಲಬದಿ, ಅವನದೇ ಬದಿ. ಬಲಗೈಯ ಹೊಲಿಗೆ ಕನ್ನಡಿಯಲ್ಲಿ ಎಡಗೈಯದಾಗಿ ಕಂಡಿತ್ತು. ನಲವತ್ತು ವರ್ಷ ಎಡ ಎಂದರೆ ಅಕ್ಕ ಎಂದುಕೊಂಡು ಬಂದವನು, ಆ ಅಭ್ಯಾಸದಲ್ಲೇ ಅವಳನ್ನು ಒರೆಸಿಹಾಕಿದ್ದ.

ಮಡಚುವುದಕ್ಕೆ ಮುಂಚಿನ ಹಳೆಯ ಫೈಲುಗಳನ್ನು ಹುಡುಕಿದ. ಪಟ್ಟಿಯ ಕೆಳಗೆ ಅವನ ಸಹಿ ಇತ್ತು, ಫೈಲುಗಳಿರಲಿಲ್ಲ. ಅಕ್ಕನ ಕಂಪ್ಯೂಟರನ್ನು ತೊಳೆದಂತೆ ಖಾಲಿ ಮಾಡಿ ಹೊಸ ಹುಡುಗಿಗೆ ಕೊಟ್ಟಾಗಿತ್ತು. ಗೋಡೆಯ ಮೇಲೆ ತಾಯಿಹಡಗಿನ ದೊಡ್ಡ ಚಿತ್ರವೊಂದಿತ್ತು. ಅದರಲ್ಲಿ ಕಾಣುತ್ತಿದ್ದದ್ದೂ ಬಲಬದಿಯೇ. ಅಕ್ಕನ ಖಾಲಿ ಕುರ್ಚಿ ಹಿಡಿದುಕೊಂಡು ಅವನು ಬಿಕ್ಕಿ ಬಿಕ್ಕಿ ಅತ್ತ. ಅವಳು ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಅಂದು ಅವಳು ಹೋದದ್ದು ಅವನ ಕೈಯಿಂದ ಆಗಿರಲಿಲ್ಲ.

ಮನೆಗೆ ಬಂದಾಗ ಅಮ್ಮ ಕೂತಲ್ಲೇ ಕೂತಿದ್ದಳು.

“ನಾನೇ ಅಳಿಸ್ಬಿಟ್ಟೆ ಅಮ್ಮಾ. ನಂದನ್ನ ಅಳಿಸೋಕೆ ಹೋಗಿ ಅವಳದನ್ನ ಅಳಿಸ್ಬಿಟ್ಟೆ. ಇನ್ನೆಲ್ಲೂ ಇಲ್ಲ.”

ಬಯ್ಯಲಿ, ಕೆನ್ನೆಗೆ ಬಾರಿಸಲಿ ಎಂದು ಕಾದ. ಅಮ್ಮ ಕನ್ನಡಕ ತೆಗೆದು ಮಡಚಿಟ್ಟಳು. ಅದನ್ನು ತಡೆಯಲಾಗದೆ ಅವನೇ ಅಂದ: “ಆ ಮೂರು ಹೊಲಿಗೆ ನಂಗೆ ಹೇಳ್ಕೊಡು. ಮುಂದಿನ ತಿಂಗಳು ಗೇಮಿಗೆ ತಿದ್ದುಪಡಿ ಕಳಿಸ್ತಾರೆ. ಸ್ಕೇಲ್ ಸರ್ ಕಾಲು ಹಿಡಿದಾದ್ರೂ ಎಡಗಡೆ ಪೂರ್ತಿ ಮತ್ತೆ ಬರೀತೀನಿ. ಅವಳ ಹಾಗೇ ಬರೀತೀನಿ.”

ಅಮ್ಮ ಡಬ್ಬಿಯಿಂದ ಸೂಜಿ ತೆಗೆದು, ದಾರ ಪೋಣಿಸಿ, ಒಂದು ಬಟ್ಟೆತುಂಡು ಕೊಟ್ಟಳು. ಅವನು ಸೂಜಿಯನ್ನು ಎಡಗೈಯಲ್ಲಿ ಹಿಡಿದ. ಮಧ್ಯಾಹ್ನವೆಲ್ಲ ಬೆರಳು ಚುಚ್ಚಿಕೊಂಡ, ಬಿಚ್ಚಿದ, ಮತ್ತೆ ಹಾಕಿದ. ಅಮ್ಮ ಎರಡು ಸಲ ಅವನ ಮಣಿಕಟ್ಟು ಹಿಡಿದು ತಿರುಗಿಸಿದಳು. ಚಿಕ್ಕಂದಿನಲ್ಲಿ ತಪ್ಪಿಸಿಕೊಂಡು ಓಡಿದ ಪಾಠ ಅದು. ಬೆಳಕು ಇಳಿಯುವ ಹೊತ್ತಿಗೆ ಹೊಲಿಗೆ ಬಂತು: ಎಡಕ್ಕೆ ವಾಲಿದ ಸಾಲು, ತುದಿಯಲ್ಲಿ ಹಿಂದಕ್ಕೆ ಮೂರು.

ಅಮ್ಮ ಬಟ್ಟೆಯನ್ನು ಕಿಟಕಿಗೆ ಹಿಡಿದಳು. ಹೆಬ್ಬೆರಳಿನಿಂದ ಆ ಮೂರು ಹೊಲಿಗೆಗಳನ್ನು ಮತ್ತೆ ಮತ್ತೆ ಸವರಿದಳು. ಆಮೇಲೆ ಕತ್ತರಿ ತೆಗೆದುಕೊಂಡು, ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದಳು.

“ಯಾಕಮ್ಮಾ? ಸರಿ ಬರ್ಲಿಲ್ವಾ?”

“ಸರಿಯಾಗೇ ಬಂದಿದೆ ಕಣೋ. ಅದಕ್ಕೇ ಬೇಡ ಅನ್ನೋದು. ನೀನು ಹಾಕಿಟ್ರೆ, ಅವಳದೇ ಅಂತ ನಾನು ನಂಬಿಬಿಡ್ತೀನಿ.”

ದಾರದ ತುಂಡುಗಳನ್ನು ಅಂಗೈಗೆ ಒಟ್ಟುಮಾಡಿಕೊಂಡು ಅಮ್ಮ ಒಳಗೆ ಹೋದಳು. ಪರದೆಯ ಮೇಲೆ ತಾಯಿಹಡಗು ಬಾಲ ತಿರುಗಿಸಿಕೊಂಡು ನಿಂತೇ ಇತ್ತು. ಮೇಜಿನ ಬಲತುದಿಯಲ್ಲಿ, ಎಡಕ್ಕೆ ಒಂದಾಳಿನ ಜಾಗ ಬಿಟ್ಟು ತಮ್ಮ ಕೂತಿದ್ದ.