ಲವಂಗ, ಜೇನು, ಇತ್ಯಾದಿ

ಗಂಡ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಐದು ನಿಮಿಷವಾಗಿತ್ತು. ರುಚಿ ನೋಡುವುದನ್ನು ಕಲಿಸುವ ಎರಡು ದಿನದ ತರಬೇತಿಗೆ ಹೋಗಿ ಬಂದಾಗಿನಿಂದ ಈ ಮಹಾಶಯ ಬಿಯರ್ ಕುಡಿಯುವುದನ್ನು ಬಿಟ್ಟು ಅದರ ಜಾತಕ ಜಾಲಾಡುತ್ತಿದ್ದ.

ಹೆಂಡತಿಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಯ ಹಿಂದಿನ ಗ್ಯಾರೇಜಿನಲ್ಲಿ ಅವಳೇ ಕುದಿಸಿ, ಹುದುಗಿಸಿ, ಬಾಟಲಿಗೆ ತುಂಬಿದ ಬೆಲ್ಜಿಯನ್ ಬ್ಲಾಂಡ್ ಏಲ್ ಎಂಬ ಬಿಯರ್ ಅದು. ಐದು ಗಂಟೆಗೆ ಊರಿನ ಹೋಟೆಲೊಂದರ ಮ್ಯಾನೇಜರ್ ಅದರ ರುಚಿ ನೋಡಲು ಬರುವವರಿದ್ದರು. ಒಪ್ಪಿದರೆ ಅವಳ ಬಿಯರ್ ಅವರ ಮೆನುವಿಗೆ ಸೇರುತ್ತದೆ. ಒಮ್ಮೆ ಬೇಡವೆಂದರೆ ಮತ್ತೆ ಆ ಕಡೆ ತಲೆ ಹಾಕದ ಮನುಷ್ಯ. ಇವತ್ತು ಕೊಡಬಹುದೋ ಬೇಡವೋ, ಗಂಡ ಅಷ್ಟು ಹೇಳಿದರೆ ಸಾಕಿತ್ತು. ಅವಳೇ ನೋಡೋಣವೆಂದರೆ ನೆಗಡಿಯಾಗಿ ಮೂಗು ಕಟ್ಟಿ ವಾರವಾಗಿತ್ತು.

ಗಂಡ ಲೋಟ ತಿರುಗಿಸಿದ. ಮೂಸಿದ. ಕಣ್ಣು ಮುಚ್ಚಿ ಮತ್ತೆ ಮೂಸಿದ. ನೊರೆ ಕಾದು ಕಾದು ಇಳಿದುಹೋಯಿತು. ಆಮೇಲೆ ಒಂದೇ ಒಂದು ಗುಟುಕು ಕುಡಿದು, ನೋಟ್‌ಬುಕ್ಕಿನಲ್ಲಿ ಏನೋ ಗೀಚಿ, ಬಂಗಾರದ ಬಣ್ಣ, ಲವಂಗದ ಸುಳಿವು, ಜೇನಿನ ನೆನಪು, ಕೊನೆಗೆ ಹದವಾದ ಒಗರು ಎಂದು ಪುರಾಣ ಬಿಚ್ಚಿದ. ಚೆನ್ನಾಗಿದೆಯಾ ಎಂದು ಕೇಳಿದರೆ, ಅದು ಅಷ್ಟು ಸುಲಭದ ಪ್ರಶ್ನೆಯಲ್ಲ ಅಂದ. ಮನೆಗೆ ಬೆಂಕಿ ಬಿದ್ದರೂ ಈ ಮನುಷ್ಯ ಹೊಗೆಯಲ್ಲಿ ಯಾವ ಮರದ ವಾಸನೆಯಿದೆ ಎಂದು ನೋಡುತ್ತಾ ಕೂರುವವನೇ.

ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಅವಳು ನೋಟ್‌ಬುಕ್ ಕಿತ್ತುಕೊಂಡಳು. ಲವಂಗ, ಜೇನುಗಳಿಗಿಂತ ಮೇಲೆ, ಮೊದಲನೆಯ ಸಾಲನ್ನು ಬರೆದು ಹೊಡೆದು ಹಾಕಿದ್ದ. ಆದರೂ ಓದಲು ಬರುತ್ತಿತ್ತು: ಹಸಿ ಸೇಬಿನ ವಾಸನೆ. ಇನ್ನೂ ಬಲಿತಿಲ್ಲ.

"ಇದನ್ಯಾಕೆ ಹೊಡೆದು ಹಾಕಿದ್ರಿ?"

ಗಂಡ ಲೋಟ ಕೆಳಗಿಟ್ಟ.

"ಹೋದ್ಸಲ ಕಹಿ ಅಂದಿದ್ದಕ್ಕೆ ಮೂರು ದಿನ ಮಾತು ಬಿಟ್ಟೆ. ನಿಂಗೆ ಬೇಜಾರಾಗ್ದೆ ಇರೋ ಹಾಗೆ ಹೇಳೋದು ಕಲಿಯೋಣ ಅಂತಾನೇ ನಾನು ಆ ತರಬೇತಿಗೆ ಹೋಗಿದ್ದು."

ಮೂರು ವಾರ ಬೆಚ್ಚಗೆ ಇಡಬೇಕಿದ್ದ ಬಾಟಲಿಗಳನ್ನು ಹತ್ತೇ ದಿನಕ್ಕೆ ತೆಗೆದವಳು ಅವಳೇ. ನಾಚಿಕೆಯಾಯಿತು, ಆದರೆ ಸಿಟ್ಟೂ ಇಳಿಯಲಿಲ್ಲ. ಮ್ಯಾನೇಜರಿಗೆ ಫೋನ್ ಮಾಡಿ, ಇನ್ನೂ ಬಲಿತಿಲ್ಲ, ಎರಡು ವಾರ ಬಿಟ್ಟು ಬನ್ನಿ ಎಂದಳು. ಅವರು ಗೊಣಗಿಕೊಂಡೇ ಒಪ್ಪಿದರು.

ನೋಟ್‌ಬುಕ್ಕನ್ನು ಗಂಡನ ಮುಂದೆ ಎಸೆದಳು.

"ಇನ್ಮೇಲೆ ಮೊದಲನೇ ಸಾಲು ಮಾತ್ರ ಓದಿ ಹೇಳಿ. ನಾನು ಮಾತು ಬಿಟ್ರೆ ಬಿಡ್ತೀನಿ."